ಸೀಮಂತದ ತಿಂಗಳಿನ ಪರೀಕ್ಷೆ

(ಫರ್ವಾನಿಯಾದಲ್ಲಿ ನಡೆದ ನಮ್ಮ ಕೂಟದ ಕುಟುಂಬ ಮಿಲನದಲ್ಲಿ ಅತಿಥಿ ವೈದ್ಯರು ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ಗರ್ಭಿಣಿಯರಲ್ಲಿ ಮಧುಮೇಹ: ಪತ್ತೆ ಮತ್ತು ಉಪಚಾರ’ ಎಂಬುದು. ನಾನು ಪ್ರಸೂತಿ ತಜ್ಞನಲ್ಲ, ಸಾಮಾನ್ಯ ವೈದ್ಯಶಾಸ್ತ್ರದವನು. ಹೆರಿಗೆ ಮಾಡಿಸುವವರು ಬೇರೆ. ಹೆರಿಗೆಯಾಗಿ ಐದೋ ಹತ್ತೋ ವರ್ಷಗಳ ನಂತರ ಅದೇ ತಾಯಂದಿರು ಸಕ್ಕರೆ ಕಾಯಿಲೆಯೆಂದು ನನ್ನ ಮುಂದೆ ಬಂದು ಕೂರುತ್ತಾರೆ. ‘ಬಸುರಿನಲ್ಲಿ ಸ್ವಲ್ಪ ಶುಗರ್ ಇತ್ತು ಡಾಕ್ಟರೇ, ಆಮೇಲೆ ಹೋಯಿತು’ ಎನ್ನುತ್ತಾರೆ. ಆ ‘ಹೋಯಿತು’ ಎಂಬ ಮಾತನ್ನು ಎಷ್ಟು ಬಾರಿ ಕೇಳಿದ್ದೇನೆಂದರೆ, ಈ ಉಪನ್ಯಾಸವನ್ನು ಒಪ್ಪಿಕೊಳ್ಳದೆ ಇರಲಾಗಲಿಲ್ಲ.

ಮೊದಲು ನಮ್ಮ ಮನೆಗಳ ಒಂದು ರೂಢಿಯನ್ನು ನೆನೆಯೋಣ. ಇಲ್ಲಿ ಫರ್ವಾನಿಯಾದಲ್ಲೋ ಅಬ್ಬಾಸಿಯಾದಲ್ಲೋ ಸಾಲ್ಮಿಯಾದಲ್ಲೋ ಇರುವ ನಮ್ಮ ಹುಡುಗಿ ಗರ್ಭಿಣಿಯಾಗುತ್ತಾಳೆ. ಮೊದಲ ಐದಾರು ತಿಂಗಳು ಇಲ್ಲಿಯೇ ತೋರಿಸಿಕೊಳ್ಳುತ್ತಾಳೆ. ಏಳನೆಯ ತಿಂಗಳಿನಲ್ಲಿ ಸೀಮಂತ. ಕರಾವಳಿಯವರಿಗೆ ಅದು ಬಯಕೆ, ಉತ್ತರ ಕರ್ನಾಟಕದವರಿಗೆ ಕುಬುಸ. ಸೀಮಂತಕ್ಕೆ ತವರಿಗೆ ಹೋಗಬೇಕು. ಚೊಚ್ಚಲ ಬಾಣಂತನ ತಾಯಿಯ ಮನೆಯಲ್ಲೇ ಆಗಬೇಕು. ವಿಮಾನ ಸಂಸ್ಥೆಗಳೂ ಇದಕ್ಕೆ ಒಂದು ಗಡುವು ಹಾಕಿಕೊಟ್ಟಿವೆ. ಸಂಸ್ಥೆಯಿಂದ ಸಂಸ್ಥೆಗೆ ಸ್ವಲ್ಪ ವ್ಯತ್ಯಾಸವಿದ್ದರೂ, ಸಾಮಾನ್ಯವಾಗಿ 28 ವಾರ ದಾಟಿದರೆ ವೈದ್ಯರ ಪ್ರಮಾಣಪತ್ರ ಕೇಳುತ್ತಾರೆ. 36 ವಾರ ದಾಟಿದರೆ ಹತ್ತಿಸಿಕೊಳ್ಳುವುದಿಲ್ಲ. ಆದ್ದರಿಂದ 26ನೆಯ ವಾರಕ್ಕೋ 27ಕ್ಕೋ ಪೆಟ್ಟಿಗೆ ಕಟ್ಟುತ್ತೇವೆ.

ಗರ್ಭಾವಸ್ಥೆಯ ಮಧುಮೇಹವನ್ನು ಪತ್ತೆ ಮಾಡುವ ಪರೀಕ್ಷೆ ನಡೆಯಬೇಕಾದ ಕಾಲವೂ 24ರಿಂದ 28ನೆಯ ವಾರ. ಸೀಮಂತದ ತಿಂಗಳೇ ಪರೀಕ್ಷೆಯ ತಿಂಗಳು. ಹೇಗೂ ಊರಿಗೆ ಹೋಗುತ್ತಾಳೆ, ಅಲ್ಲಿ ಮಾಡಿಸಲಿ ಎಂದು ಇಲ್ಲಿ ಬಿಡುತ್ತಾರೆ. ಇಷ್ಟು ದಿನ ಗಲ್ಫಿನಲ್ಲಿ ತೋರಿಸಿದ್ದಾಳೆ, ಎಲ್ಲ ಆಗಿರುತ್ತದೆ ಎಂದು ಅಲ್ಲಿ ತಿಳಿಯುತ್ತಾರೆ. ಎರಡು ಊರಿನ ನೆಂಟ ಊಟವಿಲ್ಲದೆ ಕೆಟ್ಟ ಎಂಬಂತೆ, ಎರಡು ದೇಶಗಳ ನಡುವೆ ಆ ಪರೀಕ್ಷೆ ಬಿದ್ದುಹೋಗುತ್ತದೆ. ನಾನು ಈ ಸಂಜೆ ಹೇಳಬೇಕೆಂದಿರುವುದರ ತಿರುಳು ಇದೇ. ಉಳಿದದ್ದೆಲ್ಲ ಇದರ ವಿವರಣೆ.

ಏಳನೆಯ ತಿಂಗಳೇ ಏಕೆ? ತಾಯಿಯ ರಕ್ತದಿಂದ ಮಗುವಿಗೆ ಆಹಾರ ಒದಗಿಸುವ ಅಂಗ ಜರಾಯು. ನಮ್ಮ ಅಜ್ಜಿಯರು ಅದನ್ನು ಮಾಸು ಎನ್ನುತ್ತಿದ್ದರು. ಅದು ಬರಿಯ ಸಾಗಣೆಯ ದಾರಿಯಲ್ಲ, ತಾನೇ ಹಲವು ಹಾರ್ಮೋನುಗಳನ್ನು ಸ್ರವಿಸುವ ಒಂದು ಗ್ರಂಥಿ. ಈ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಉದ್ದೇಶ ಒಳ್ಳೆಯದೇ: ತಾಯಿಯ ಅಂಗಾಂಶಗಳು ಗ್ಲೂಕೋಸನ್ನೆಲ್ಲ ಕಬಳಿಸದೆ ಮಗುವಿಗೂ ಬಿಡಲಿ ಎಂಬ ಪ್ರಕೃತಿಯ ಏರ್ಪಾಡು. ಮಾಸು ಬೆಳೆದಂತೆ ಈ ಅಡ್ಡಿಯೂ ಬೆಳೆಯುತ್ತದೆ. ಆರನೆಯ ತಿಂಗಳ ಹೊತ್ತಿಗೆ ತಾಯಿಯ ಮೇದೋಜೀರಕ ಗ್ರಂಥಿಯು ಮೊದಲಿಗಿಂತ ಬಹಳ ಹೆಚ್ಚು ಇನ್ಸುಲಿನ್ ಉತ್ಪಾದಿಸಬೇಕಾಗುತ್ತದೆ. ಹೆಚ್ಚಿನವರಲ್ಲಿ ಅದು ಸಾಧ್ಯವಾಗುತ್ತದೆ. ಕೆಲವರಲ್ಲಿ ಆಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಮೂರನೆಯ ತಿಂಗಳಿನಲ್ಲಿ ಸರಿಯಾಗಿದ್ದ ವರದಿ ಏಳನೆಯ ತಿಂಗಳಿನಲ್ಲಿ ಸರಿಯಿಲ್ಲದಿರುವುದು ಹೀಗೆ.

ತಾಯಿಯ ಗ್ಲೂಕೋಸ್ ಮಾಸುವನ್ನು ದಾಟಿ ಮಗುವನ್ನು ಸೇರುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನು ನಿಭಾಯಿಸಲು ಮಗುವೇ ಹೆಚ್ಚು ಇನ್ಸುಲಿನ್ ತಯಾರಿಸಿಕೊಳ್ಳಬೇಕು. ಕೋಪನ್‌ಹೇಗನ್ನಿನ ವೈದ್ಯ ಯೋರ್ಗನ್ ಪೆಡರ್ಸನ್ 1950ರ ದಶಕದಲ್ಲಿ ವಿವರಿಸಿದ ಈ ಸರಳ ತತ್ತ್ವ ಇಂದಿಗೂ ನಿಂತಿದೆ. ಹೆಚ್ಚು ಇನ್ಸುಲಿನ್ನಿನಿಂದ ಮಗುವಿನ ಮೈಯಲ್ಲಿ ಕೊಬ್ಬು ಸೇರುತ್ತದೆ, ಭುಜಗಳು ಅಗಲವಾಗುತ್ತವೆ, ಹೆರಿಗೆಯಲ್ಲಿ ತಲೆ ಹೊರಬಂದು ಭುಜ ಸಿಕ್ಕಿಕೊಳ್ಳುವ ಅಪಾಯವಿರುತ್ತದೆ. ಹೊಕ್ಕುಳ ಬಳ್ಳಿ ಕತ್ತರಿಸಿದೊಡನೆ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುತ್ತದೆ. ಮಗುವಿನ ಇನ್ಸುಲಿನ್ ಮಾತ್ರ ಅದೇ ವೇಗದಲ್ಲಿ ಸುರಿಯುತ್ತಿರುತ್ತದೆ. ಆಗ ಕೂಸಿನ ರಕ್ತದಲ್ಲಿ ಸಕ್ಕರೆ ಥಟ್ಟನೆ ಕುಸಿಯಬಹುದು. ನೋಡಲು ಗುಂಡುಗುಂಡಾಗಿ ಆರೋಗ್ಯದ ಗಣಿಯಂತಿರುವ ಮಗುವನ್ನು ವೈದ್ಯರು ಏಕೆ ನವಜಾತ ಶಿಶು ಘಟಕಕ್ಕೆ ಒಯ್ದರೆಂದು ಮನೆಯವರಿಗೆ ಅರ್ಥವಾಗುವುದಿಲ್ಲ. ‘ನಾಲ್ಕೂವರೆ ಕೆ.ಜಿ. ಮಗು!’ ಎಂದು ಸಿಹಿ ಹಂಚಿದವರೂ ಇದ್ದಾರೆ.

ಇದು ಎಷ್ಟು ಮಂದಿಯಲ್ಲಿ ಕಾಣುತ್ತದೆ? ಕುವೈತ್ ಈ ವಿಷಯದಲ್ಲಿ ದುರದೃಷ್ಟದ ನಾಡು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಟ್ಲಾಸ್ ಪ್ರಕಾರ ಇಲ್ಲಿಯ ವಯಸ್ಕರಲ್ಲಿ ನೂರಕ್ಕೆ 24.9 ಮಂದಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗೆ ಮಧುಮೇಹ. ಗರ್ಭಾವಸ್ಥೆಯ ಮಧುಮೇಹದ ಬಗ್ಗೆ 2019ರಲ್ಲಿ ಪ್ರಕಟವಾದ ಕುವೈತಿನ ಅಧ್ಯಯನವೊಂದರಲ್ಲಿ ಸುಮಾರು ಎಂಟು ತಾಯಂದಿರಲ್ಲಿ ಒಬ್ಬರಿಗೆ ಅದು ಇತ್ತು. ಅದು ಅರಬರ ಕಾಯಿಲೆ, ಅವರ ಊಟದ ದೋಷ ಎಂದು ಸಮಾಧಾನ ಪಟ್ಟುಕೊಳ್ಳುವವರಿಗಾಗಿ ಈಗ ನಿಮ್ಮನ್ನು ಮೈಸೂರಿಗೆ ಕರೆದೊಯ್ಯುತ್ತೇನೆ.

ನಾನು ಓದಿದ್ದು ಮೈಸೂರು ವೈದ್ಯಕೀಯ ಮಹಾವಿದ್ಯಾಲಯದಲ್ಲಿ. ನಮ್ಮ ದೊಡ್ಡಾಸ್ಪತ್ರೆಯಿಂದ ಸ್ವಲ್ಪ ದೂರದಲ್ಲಿ, ಮಂಡಿ ಮೊಹಲ್ಲಾದಲ್ಲಿ, ಊರಿನವರೆಲ್ಲ ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. ಅಲ್ಲಿಯ ದಾದಿಯರು 1934ರಿಂದಲೂ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಪ್ಪ ದಪ್ಪ ದಫ್ತರುಗಳಲ್ಲಿ ಬರೆದಿಡುತ್ತಿದ್ದರು. ಯಾರಿಗಾಗಿ ಬರೆದರೋ! ಇಂಗ್ಲೆಂಡಿನ ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಅವರ ಸಂಗಡಿಗರು ದಶಕಗಳ ನಂತರ ಆ ದಫ್ತರುಗಳ ಧೂಳು ಕೊಡವಿ, ಹಾಗೆ ಹುಟ್ಟಿ ಈಗ ನಡುವಯಸ್ಸು ದಾಟಿದವರನ್ನು ಮೈಸೂರಿನ ಬೀದಿಬೀದಿಗಳಲ್ಲಿ ಹುಡುಕಿ ರಕ್ತಪರೀಕ್ಷೆ ಮಾಡಿದರು. ಹುಟ್ಟುವಾಗ ಉದ್ದ ಕಡಿಮೆಯಿದ್ದು ದಪ್ಪಗಿದ್ದವರಲ್ಲಿ, ಭಾರಿ ಮೈಯ ತಾಯಂದಿರಿಗೆ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತು. 1998ರಲ್ಲಿ ಪ್ರಕಟವಾದ ಈ ಫಲಿತಾಂಶ ಒಂದು ಪ್ರಶ್ನೆ ಎತ್ತಿತು: ಆ ತಾಯಂದಿರಿಗೆ ಬಸುರಿನಲ್ಲಿಯೇ ಯಾರಿಗೂ ತಿಳಿಯದಂತೆ ಸಕ್ಕರೆ ಏರಿತ್ತೇ?

ಉತ್ತರ ಹುಡುಕಲು 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರಿಗೆ ಗ್ಲೂಕೋಸ್ ಪರೀಕ್ಷೆ ಮಾಡಿದರು. 785 ಮಂದಿಯಲ್ಲಿ ನೂರಕ್ಕೆ 6.2ರಷ್ಟು ತಾಯಂದಿರಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಇವರೆಲ್ಲ ನಮ್ಮ ನಿಮ್ಮಂಥ ಮನೆಗಳ ಹೆಣ್ಣುಮಕ್ಕಳು. ಅನ್ನ, ಸಾರು, ಮುದ್ದೆ ಉಂಡವರು. ಡಾ. ಜಿ. ವಿ. ಕೃಷ್ಣವೇಣಿ ಮತ್ತು ಅವರ ತಂಡ ಈ ತಾಯಿ-ಮಕ್ಕಳನ್ನು ಬಿಡದೆ ಹಿಂಬಾಲಿಸಿತು. ಐದು ವರ್ಷಗಳ ನಂತರ ಪುನಃ ಪರೀಕ್ಷಿಸಿದಾಗ, ಬಸುರಿನಲ್ಲಿ ಸಕ್ಕರೆಯಿದ್ದವರಲ್ಲಿ ನೂರಕ್ಕೆ 37 ಮಂದಿಗೆ ಪೂರ್ಣ ಮಧುಮೇಹ ಬಂದಿತ್ತು. ಬಸುರಿನಲ್ಲಿ ಸಕ್ಕರೆ ಇಲ್ಲದಿದ್ದವರಲ್ಲಿ? ನೂರಕ್ಕೆ 2. ಆ ಎರಡು ಸಂಖ್ಯೆಗಳನ್ನು ದಯವಿಟ್ಟು ಮನೆಗೆ ಒಯ್ಯಿರಿ. ಮಕ್ಕಳ ಕಥೆ ಇನ್ನೂ ಸೂಕ್ಷ್ಮ. ಹುಟ್ಟುವಾಗ ದೊಡ್ಡದಾಗಿದ್ದ ಆ ಮಕ್ಕಳು ಒಂದು ವರ್ಷದ ಹೊತ್ತಿಗೆ ಎಲ್ಲರಂತಾದರು. ಸದ್ಯ ಕಳೆಯಿತು ಎನ್ನುವಂತಿತ್ತು. ಐದನೆಯ ವರ್ಷದಲ್ಲಿ ಹೆಣ್ಣುಮಕ್ಕಳ ಮೈಯಲ್ಲಿ ಕೊಬ್ಬು ಮತ್ತೆ ಹೆಚ್ಚಾಗಿ ಕಂಡಿತು. ಒಂಬತ್ತೂವರೆ ವರ್ಷದಲ್ಲಿ ಇನ್ಸುಲಿನ್ನಿಗೆ ದೇಹ ಒಗ್ಗದಿರುವ ಲಕ್ಷಣ ಗಂಡು ಹೆಣ್ಣು ಇಬ್ಬರಲ್ಲೂ ಕಾಣಿಸಿತು. ಆ ಹೆಣ್ಣುಮಕ್ಕಳು ನಾಳೆ ತಾಯಂದಿರಾಗುವವರು. ಗರ್ಭದಲ್ಲಿ ಆರಂಭವಾದದ್ದು ಮುಂದಿನ ಗರ್ಭಕ್ಕೂ ದಾಟುವ ದಾರಿ ಇದು.

ಇನ್ನು ಪರೀಕ್ಷೆಯ ವಿಚಾರ. ನಾನು ವಿದ್ಯಾರ್ಥಿಯಾಗಿದ್ದಾಗ ಬೆನೆಡಿಕ್ಟ್ ದ್ರಾವಣಕ್ಕೆ ನಾಲ್ಕು ಹನಿ ಮೂತ್ರ ಸೇರಿಸಿ ಕಾಯಿಸುತ್ತಿದ್ದೆವು. ನೀಲಿಯಿದ್ದದ್ದು ಹಸಿರಾಗಿ, ಹಳದಿಯಾಗಿ, ಇಟ್ಟಿಗೆಯ ಕೆಂಪಿಗೆ ತಿರುಗುವುದನ್ನು ನೋಡುವುದೇ ಒಂದು ಸಂಭ್ರಮ. ಆದರೆ ಗರ್ಭಿಣಿಯರಲ್ಲಿ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಬಸುರಿನಲ್ಲಿ ಮೂತ್ರಪಿಂಡಗಳು ರಕ್ತದ ಸಕ್ಕರೆ ಸರಿಯಿದ್ದಾಗಲೂ ಸ್ವಲ್ಪ ಸೋರಿಬಿಡುತ್ತವೆ. ಏರಿದ್ದಾಗ ಸುಮ್ಮನಿರುವುದೂ ಉಂಟು. ಬಾಯಾರಿಕೆ, ಪದೇ ಪದೇ ಮೂತ್ರ, ಆಯಾಸ ಎಂಬ ಲಕ್ಷಣಗಳೂ ಇಲ್ಲಿ ಸಾಕ್ಷಿಯಾಗಲಾರವು, ಏಕೆಂದರೆ ಅವು ಎಲ್ಲ ಗರ್ಭಿಣಿಯರಿಗೂ ಇರುವಂಥವೇ. ಗ್ಲೂಕೋಸ್ ಕುಡಿದು ರಕ್ತ ಕೊಡುವುದೊಂದೇ ದಾರಿ.

ಎಷ್ಟಿದ್ದರೆ ರೋಗ ಎಂಬುದರ ಬಗ್ಗೆ ವೈದ್ಯರಲ್ಲಿ ದೀರ್ಘ ಜಗಳವೇ ನಡೆದಿದೆ. ಬಾಸ್ಟನ್ನಿನ ಓ’ಸಲಿವನ್ ಮತ್ತು ಮಾಹನ್ 1964ರಲ್ಲಿ ಮೊದಲ ಅಳತೆಗೋಲು ಕೊಟ್ಟರು. ವಿಚಿತ್ರವೆಂದರೆ ಅವರು ಅದನ್ನು ಹಾಕಿದ್ದು ಮಗುವನ್ನು ನೋಡಿ ಅಲ್ಲ, ತಾಯಿಗೆ ಮುಂದೆ ಮಧುಮೇಹ ಬರುತ್ತದೆಯೇ ಎಂಬುದನ್ನು ನೋಡಿ. ಮಗುವಿನ ದೃಷ್ಟಿಯಿಂದ ದೊಡ್ಡ ಪ್ರಮಾಣದಲ್ಲಿ ಅಳೆದದ್ದು ಒಂಬತ್ತು ದೇಶಗಳಲ್ಲಿ ಸುಮಾರು 25,000 ಗರ್ಭಿಣಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಹಾಪೊ ಅಧ್ಯಯನ. ನಾನು ರೆಸಿಡೆನ್ಸಿ ಮಾಡಿದ ಟೊರೊಂಟೊ ಅದರ ಕೇಂದ್ರಗಳಲ್ಲೊಂದು. ಇಲ್ಲಿಯವರೆಗೆ ಕ್ಷೇಮ, ಇಲ್ಲಿಂದಾಚೆ ಅಪಾಯ ಎಂಬ ಗೆರೆ ಅವರಿಗೆ ಸಿಗಲಿಲ್ಲ. ಸಕ್ಕರೆ ಏರಿದಷ್ಟೂ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಅದನ್ನು ಆಧರಿಸಿ 2010ರಲ್ಲಿ ರೂಪಿಸಿ, 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಅಳತೆ ಇದು: ರಾತ್ರಿಯೆಲ್ಲ ಉಪವಾಸವಿದ್ದು ಬೆಳಿಗ್ಗೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ಕುಡಿದು, ಒಂದು ಗಂಟೆಗೆ ಮತ್ತು ಎರಡು ಗಂಟೆಗೆ ಪುನಃ ರಕ್ತ ಕೊಡಬೇಕು. ಉಪವಾಸದಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153 ಮಿಲಿಗ್ರಾಂ; ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೂ ಗರ್ಭಾವಸ್ಥೆಯ ಮಧುಮೇಹ.

ನಮ್ಮ ದೇಶದ ದಾರಿ ಬೇರೆ. ಹಳ್ಳಿಯಿಂದ ಬಸ್ಸು ಹತ್ತಿ ಬರುವ ಗರ್ಭಿಣಿಗೆ ‘ಉಪವಾಸ ಬಾ’ ಎಂದರೆ ಅವಳು ಎರಡನೆಯ ಸಲ ಬರುವುದೇ ಇಲ್ಲ ಎಂಬುದನ್ನು ಚೆನ್ನೈನ ಡಾ. ವಿ. ಶೇಷಯ್ಯ ಅನುಭವದಿಂದ ಬಲ್ಲವರು. ಊಟ ಮಾಡಿರಲಿ ಬಿಡಲಿ, ಬಂದ ದಿನವೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಒಂದೇ ಸಲ ರಕ್ತ ತೆಗೆದು, 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ರೋಗವೆಂದು ತಿಳಿಯಬೇಕೆಂಬ ವಿಧಾನವನ್ನು ಅವರು ಪ್ರತಿಪಾದಿಸಿದರು. ಭಾರತ ಸರ್ಕಾರದ 2014ರ ಮಾರ್ಗಸೂಚಿ ಇದನ್ನೇ ಅಂಗೀಕರಿಸಿತು: ಮೊದಲ ಭೇಟಿಯಲ್ಲಿ ಒಮ್ಮೆ, ಅದು ಸರಿಯಿದ್ದರೆ 24ರಿಂದ 28ನೆಯ ವಾರದಲ್ಲಿ ಇನ್ನೊಮ್ಮೆ, ಎಲ್ಲ ಗರ್ಭಿಣಿಯರಿಗೂ. ಅವರ ಜನ್ಮದಿನವಾದ ಮಾರ್ಚ್ 10ನ್ನು ಭಾರತದಲ್ಲಿ ಗರ್ಭಾವಸ್ಥೆಯ ಮಧುಮೇಹದ ಜಾಗೃತಿ ದಿನವಾಗಿ ಆಚರಿಸುತ್ತಾರೆ. ಪಾಶ್ಚಾತ್ಯ ತಜ್ಞರು ಈ ವಿಧಾನ ಕೆಲವರನ್ನು ಬಿಟ್ಟುಬಿಡುತ್ತದೆ ಎಂದು ಆಕ್ಷೇಪಿಸುತ್ತಾರೆ. ನಿಜವಿರಬಹುದು. ಆದರೆ ಮಾಡದ ಉತ್ತಮ ಪರೀಕ್ಷೆಗಿಂತ ಮಾಡಿದ ಸುಲಭ ಪರೀಕ್ಷೆ ಮೇಲು ಎಂಬುದು ನನ್ನ ಅಭಿಪ್ರಾಯ.

ಗ್ಲೂಕೋಸ್ ನೀರು ವಾಕರಿಕೆ ತರುತ್ತದೆಂದು ಹೆಣ್ಣುಮಕ್ಕಳು ಹೆದರುತ್ತಾರೆ. ತಣ್ಣಗೆ ಮಾಡಿ ನಿಂಬೆರಸ ಹಿಂಡಿಕೊಂಡು, ಐದು ಹತ್ತು ನಿಮಿಷಗಳಲ್ಲಿ ನಿಧಾನವಾಗಿ ಕುಡಿಯಬಹುದು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಪುನಃ ಮಾಡಿಸಬೇಕು. ‘ನಾನು ತೆಳ್ಳಗಿದ್ದೇನೆ, ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ’ ಎಂಬ ವಾದ ಬೇಡ. ವಯಸ್ಸು ಹೆಚ್ಚಿದ್ದರೆ, ತೂಕ ಹೆಚ್ಚಿದ್ದರೆ, ತಂದೆತಾಯಿಗೆ ಮಧುಮೇಹವಿದ್ದರೆ, ಹಿಂದಿನ ಮಗು ದೊಡ್ಡದಾಗಿದ್ದರೆ ಸಂಭವ ಹೆಚ್ಚು. ಆದರೆ ಭಾರತೀಯ ಮೂಲವೇ ಒಂದು ಸಾಕಷ್ಟು ದೊಡ್ಡ ಕಾರಣ.

ಈಗ ಒಂದು ಸಣ್ಣ ಗಣಿತ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಇಲ್ಲಿಯ ಪ್ರಯೋಗಾಲಯಗಳು ರಕ್ತದ ಸಕ್ಕರೆಯನ್ನು ಮಿಲಿಮೋಲ್‌ಗಳಲ್ಲಿ ಬರೆಯುತ್ತವೆ, ಊರಿನವು ಮಿಲಿಗ್ರಾಂಗಳಲ್ಲಿ. ಮಿಲಿಮೋಲನ್ನು 18ರಿಂದ ಗುಣಿಸಿದರೆ ಮಿಲಿಗ್ರಾಂ. 5.1 ಎಂದರೆ 92, 8.5 ಎಂದರೆ 153. ಕೆನಡಾದಲ್ಲಿಯೂ ಮಿಲಿಮೋಲ್ ಲೆಕ್ಕವೇ ಇದ್ದುದರಿಂದ, ಮೈಸೂರಿನಿಂದ ಹೋದ ಹೊಸದರಲ್ಲಿ ನಾನೇ ಜೇಬಿನಲ್ಲಿ ಒಂದು ಕೋಷ್ಟಕ ಇಟ್ಟುಕೊಂಡು ತಿರುಗುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಅಬ್ಬಾಸಿಯಾದ ಹೆಣ್ಣುಮಗಳೊಬ್ಬಳು 27ನೆಯ ವಾರದಲ್ಲಿ ಮಲೆನಾಡಿನ ತವರಿಗೆ ಹೋದಳು. ಹೊರಡುವ ಹಿಂದಿನ ವಾರ ಇಲ್ಲಿ ಉಪವಾಸದ ರಕ್ತ ಕೊಟ್ಟಿದ್ದಳು, ಫಲಿತಾಂಶ 5.9. ಆ ಚೀಟಿಯನ್ನು ಗಂಡ ಫೋನಿನಲ್ಲಿ ಕಳುಹಿಸಿದ. ಮನೆಯಲ್ಲಿ ಮಾವನವರಿಗೆ ಹಳೆಯ ಮಧುಮೇಹ. ಅವರ ಮೂರು ತಿಂಗಳ ಸರಾಸರಿ ಪರೀಕ್ಷೆಯ ಅಂಕ ಏಳರ ಮೇಲೆ ಇರುತ್ತಿತ್ತು. ‘5.9 ಅಂದರೆ ಬಹಳ ಚೆನ್ನಾಗಿದೆಯಮ್ಮ, ನನಗೆ ಅಷ್ಟು ಬಂದರೆ ಡಾಕ್ಟರು ಬೆನ್ನು ತಟ್ಟುತ್ತಾರೆ’ ಎಂದರಂತೆ ಪಾಪ. ಅದು ಆ ಸರಾಸರಿ ಅಲ್ಲ. ಹದಿನೆಂಟರಿಂದ ಗುಣಿಸಿ ನೋಡಿ, 106. ಚೀಟಿಯನ್ನು ಅಲ್ಲಿಯ ವೈದ್ಯರಿಗೆ ಯಾರೂ ತೋರಿಸಲೇ ಇಲ್ಲ. ಸೀಮಂತವಾಯಿತು, ಬಯಕೆಯ ಊಟಗಳಾದವು, ಹೋಳಿಗೆ, ಚಿರೋಟಿ, ಕಜ್ಜಾಯ. ಮಗು 4.3 ಕೆ.ಜಿ. ಹುಟ್ಟಿದ ಎರಡು ಗಂಟೆಯಲ್ಲಿ ಸಕ್ಕರೆ ಕುಸಿದು ಸೆಳವು ಬಂತು. ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ದೇವರ ದಯೆ, ಈಗ ಚೆನ್ನಾಗಿ ಓಡಾಡಿಕೊಂಡಿದೆ. ಯಾರ ತಪ್ಪೆಂದು ಹೇಳುವುದು? ಎರಡು ಊರು, ಎರಡು ಅಳತೆ, ನಡುವೆ ಒಂದು ಫೋನು.

ಆದ್ದರಿಂದ ನನ್ನ ಸಲಹೆ ಇಷ್ಟು. ಮೊದಲ ಭೇಟಿಯಲ್ಲಿಯೇ ರಕ್ತ ಪರೀಕ್ಷಿಸಿಕೊಳ್ಳಿ. ಮದುವೆಗೆ ಮುಂಚೆಯೇ ಯಾರ ಗಮನಕ್ಕೂ ಬಾರದೆ ಮಧುಮೇಹ ಇದ್ದ ಹುಡುಗಿಯರು ಈಗ ಕಡಿಮೆಯಿಲ್ಲ. ಆಮೇಲೆ 24 ವಾರ ತುಂಬಿದೊಡನೆ, ಊರಿಗೆ ಹೊರಡುವ ಮೊದಲೇ, ಇಲ್ಲಿಯೇ ಗ್ಲೂಕೋಸ್ ಪರೀಕ್ಷೆ ಮಾಡಿಸಿ. ಬೆಳಗಿನ ಮೂರು ಗಂಟೆ ಅದಕ್ಕೆ ಹೋಗುತ್ತದೆ. ಗಂಡಂದಿರು ರಜೆ ಹಾಕಿ ಜೊತೆಗೆ ಕೂರಲಿ. ಫಲಿತಾಂಶವನ್ನು ಎರಡೂ ಅಳತೆಗಳಲ್ಲಿ ಒಂದು ಕಾಗದದ ಮೇಲೆ ಬರೆಸಿ, ವೈದ್ಯರ ಸಹಿ ಹಾಕಿಸಿ, ಪಾಸ್‌ಪೋರ್ಟಿನ ಜೊತೆಗೆ ಇಡಿ. ಊರು ತಲುಪಿದ ಮೊದಲ ವಾರದಲ್ಲಿಯೇ, ಸೀಮಂತದ ಸಡಗರಕ್ಕೆ ಮೊದಲು, ಹೆರಿಗೆ ಮಾಡಿಸುವ ವೈದ್ಯರಿಗೆ ತೋರಿಸಿ. 24 ವಾರ ತುಂಬುವ ಮೊದಲೇ ಹೊರಡಬೇಕಾಗಿ ಬಂದರೆ, ‘ಪರೀಕ್ಷೆ ಆಗಿಲ್ಲ’ ಎಂದಾದರೂ ಬರೆಸಿಕೊಂಡು ಹೋಗಿ.

ರೋಗ ಪತ್ತೆಯಾದರೆ ಧೈರ್ಯಗೆಡಬೇಕಿಲ್ಲ. ಉಪಚಾರದಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ಆಸ್ಟ್ರೇಲಿಯಾದಲ್ಲಿ 1,000 ಗರ್ಭಿಣಿಯರ ಮೇಲೆ ನಡೆಸಿದ, 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಗುವಿಗೆ ಆಗುವ ಗಂಭೀರ ತೊಂದರೆಗಳು ನೂರಕ್ಕೆ 4ರಿಂದ 1ಕ್ಕೆ ಇಳಿದವು. ಬಹುಪಾಲು ತಾಯಂದಿರಿಗೆ ಆಹಾರ ಮತ್ತು ನಡಿಗೆ ಇಷ್ಟೇ ಸಾಕಾಗುತ್ತದೆ. ಗುರಿ ಇದು: ಉಪವಾಸದಲ್ಲಿ 95ಕ್ಕಿಂತ ಕಡಿಮೆ, ಊಟವಾಗಿ ಎರಡು ಗಂಟೆಗೆ 120ಕ್ಕಿಂತ ಕಡಿಮೆ. ಇಲ್ಲಿಯ ಲೆಕ್ಕದಲ್ಲಿ 5.3 ಮತ್ತು 6.7.

ಆಹಾರವೆಂದರೆ ಉಪವಾಸವಲ್ಲ. ಹಸಿದ ಗರ್ಭಿಣಿಯನ್ನು ಮಾಡುವುದು ಉಪಚಾರವಲ್ಲ, ಅಪಚಾರ. ಮೂರು ದೊಡ್ಡ ಊಟಗಳನ್ನು ಮೂರು ಸಣ್ಣ ಊಟ, ಎರಡು ಮೂರು ತಿಂಡಿಗಳಾಗಿ ಒಡೆಯಬೇಕು. ಅನ್ನ ಬಿಡಬೇಕಿಲ್ಲ, ತಟ್ಟೆಯ ಅರ್ಧ ಪಲ್ಯ-ಕೋಸಂಬರಿ, ಕಾಲು ಭಾಗ ಬೇಳೆ, ಕಾಳು, ಮೀನು ಅಥವಾ ಮೊಟ್ಟೆ, ಉಳಿದ ಕಾಲು ಭಾಗ ಅನ್ನ ಎಂದಿಟ್ಟುಕೊಳ್ಳಿ. ಬೆಳಗಿನ ಹೊತ್ತು ಸಕ್ಕರೆ ಹೆಚ್ಚು ಏರುವುದರಿಂದ ಮೂರು ಇಡ್ಲಿಯ ಬದಲು ಒಂದೂವರೆ ಇಡ್ಲಿ, ಜೊತೆಗೆ ಧಾರಾಳವಾಗಿ ಸಾಂಬಾರು ಅಥವಾ ಒಂದು ಮೊಟ್ಟೆ. ರಾಗಿಯ ವಿಷಯದಲ್ಲಿ ನಮ್ಮವರಿಗೆ ಕುರುಡು ಭಕ್ತಿ. ಮುದ್ದೆ ಒಳ್ಳೆಯದೇ, ಒಂದು ಮಿತಿಯಲ್ಲಿ; ಆದರೆ ನುಣ್ಣಗೆ ಬೀಸಿ ಕಾಯಿಸಿದ ರಾಗಿ ಮಾಲ್ಟ್ ಲೋಟಗಟ್ಟಲೆ ಕುಡಿದರೆ ಸಕ್ಕರೆ ಸರಸರನೆ ಏರುತ್ತದೆ. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡೆ ಎನ್ನುವವರಿಗೆ, ರಕ್ತಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಇಲ್ಲಿಯ ಖರ್ಜೂರವೂ ಅಷ್ಟೆ. ದೊಡ್ಡ ಜಾತಿಯ ಒಂದು ಖರ್ಜೂರದಲ್ಲಿ ಮೂರು ನಾಲ್ಕು ಚಮಚ ಸಕ್ಕರೆಯಿರುತ್ತದೆ. ಹಣ್ಣು ತಿನ್ನಿ, ಹಣ್ಣಿನ ರಸ ಬೇಡ.

ನಮ್ಮ ಬ್ಯಾರಿ ಸಹೋದರಿಯರು ರಮದಾನಿನ ಬಗ್ಗೆ ಕೇಳುತ್ತಾರೆ. ಮಧುಮೇಹವಿರುವ ಗರ್ಭಿಣಿ ಉಪವಾಸ ಹಿಡಿಯುವುದು ವೈದ್ಯಕೀಯವಾಗಿ ಅಪಾಯದ ಸಾಲಿಗೆ ಸೇರಿದ್ದು. ಗರ್ಭಿಣಿಗೆ ವಿನಾಯಿತಿಯಿದೆಯೆಂದು ನನ್ನ ಮುಸ್ಲಿಂ ಸಹೋದ್ಯೋಗಿಗಳು ಹೇಳುತ್ತಾರೆ. ನಿಮ್ಮ ಉಸ್ತಾದರನ್ನೂ ವೈದ್ಯರನ್ನೂ ಮೊದಲೇ ಕೇಳಿ. ಹಿಡಿಯದಿದ್ದರೂ ಇಫ್ತಾರಿನ ವಿಮ್ಟೊ ಮತ್ತು ಕರಿದ ತಿಂಡಿಗಳ ಎದುರು ಕುಳಿತಿರುವುದು ಕಷ್ಟವೆಂದು ನನಗೂ ಗೊತ್ತು. ಏಕಾದಶಿ, ಸಂಕಷ್ಟಿಗಳಿಗೆ ನಿರಾಹಾರ ಮಾಡುವವರಿಗೂ ನನ್ನ ಉತ್ತರ ಬೇರೆಯಲ್ಲ.

ನಡಿಗೆಯ ವಿಷಯಕ್ಕೆ ಬಂದರೆ, ಈ ನಾಡಿನ ಮಿತ್ರಿಬಾದಲ್ಲಿ 2016ರ ಜುಲೈನಲ್ಲಿ 53.9 ಡಿಗ್ರಿ ದಾಖಲಾಯಿತು. ಅಂಥ ಬೇಸಗೆಯಲ್ಲಿ ಬಸುರಿಗೆ ‘ವಾಕಿಂಗ್ ಹೋಗು’ ಎನ್ನುವುದು ಹಾಸ್ಯ. ಊಟವಾದ ಮೇಲೆ ಮನೆಯೊಳಗೇ, ಕಾರಿಡಾರಿನಲ್ಲಿ, ಹತ್ತು ಹದಿನೈದು ನಿಮಿಷ ಅಡ್ಡಾಡಿದರೂ ಸಕ್ಕರೆ ಇಳಿಯುತ್ತದೆ. ದಿನಕ್ಕೆ ಮೂರು ಸಲ ಹೀಗೆ ಮಾಡಿದರೆ ಸಾಕು.

ಎರಡು ವಾರ ಹೀಗೆ ಮಾಡಿಯೂ ಗುರಿ ಮುಟ್ಟದಿದ್ದರೆ ಔಷಧ ಬೇಕು. ಇನ್ಸುಲಿನ್ ಎಂದರೆ ನಮ್ಮವರು ಬೆಚ್ಚಿಬೀಳುತ್ತಾರೆ, ‘ಒಮ್ಮೆ ಶುರುವಾದರೆ ಜೀವನಪರ್ಯಂತ’ ಎಂದು. ಬಸುರಿನಲ್ಲಿ ಹಾಗಲ್ಲ, ಮಾಸು ಹೊರಬಿದ್ದ ದಿನವೇ ಸಾಮಾನ್ಯವಾಗಿ ಇನ್ಸುಲಿನ್ ನಿಲ್ಲುತ್ತದೆ. ಅದು ಮಗುವಿಗೆ ದಾಟದ ಔಷಧ, ಆದ್ದರಿಂದಲೇ ಅತ್ಯಂತ ನಿಶ್ಚಿಂತೆಯದು. ಮೆಟ್‌ಫಾರ್ಮಿನ್ ಮಾತ್ರೆಯನ್ನೂ ಕೊಡುತ್ತಾರೆ. ಅದು ಮಗುವಿಗೆ ದಾಟುತ್ತದೆ. 2008ರಲ್ಲಿ ಪ್ರಕಟವಾದ ನ್ಯೂಜಿಲೆಂಡ್-ಆಸ್ಟ್ರೇಲಿಯಾ ಪ್ರಯೋಗದಲ್ಲಿ ಶಿಶುಗಳಿಗೆ ತಕ್ಷಣದ ತೊಂದರೆ ಹೆಚ್ಚಲಿಲ್ಲ, ಆದರೆ ಮಾತ್ರೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೊನೆಗೆ ಇನ್ಸುಲಿನ್ ಕೂಡ ಬೇಕಾಯಿತು. ಪ್ರಯಾಣದಲ್ಲಿ ಇನ್ಸುಲಿನ್ನನ್ನು ಕೈಚೀಲದಲ್ಲಿಯೇ ಒಯ್ಯಿರಿ, ವಿಮಾನದ ಹೊಟ್ಟೆಗೆ ಹಾಕುವ ಪೆಟ್ಟಿಗೆಯಲ್ಲಿ ಅಲ್ಲ. ಇಲ್ಲಿಯ ಬೇಸಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಮರೆತು ಬಿಟ್ಟ ಇನ್ಸುಲಿನ್ ನೀರಿಗೆ ಸಮಾನ.

ಇನ್ನು ಹೆರಿಗೆಯ ನಂತರದ ಮಾತು. ಇಲ್ಲಿ ಎರಡನೆಯ ಬಾರಿ ಪರೀಕ್ಷೆ ಕಳೆದುಹೋಗುತ್ತದೆ. ಆರರಿಂದ ಹನ್ನೆರಡು ವಾರಗಳೊಳಗೆ ತಾಯಿ ಪುನಃ 75 ಗ್ರಾಂ ಗ್ಲೂಕೋಸ್ ಕುಡಿದು ಪರೀಕ್ಷಿಸಿಕೊಳ್ಳಬೇಕು. ಆ ಸಮಯದಲ್ಲಿ ಮೂರು ತಿಂಗಳ ಸರಾಸರಿಯ ಪರೀಕ್ಷೆಯನ್ನು ನೆಚ್ಚುವಂತಿಲ್ಲ, ಹೆರಿಗೆಯ ರಕ್ತಸ್ರಾವದಿಂದ ಅದು ತಪ್ಪು ಹೇಳುತ್ತದೆ. ಆದರೆ ಆಗ ಬಾಣಂತಿ ಬೆಚ್ಚಗಿನ ಕೋಣೆಯಲ್ಲಿ ತುಪ್ಪ, ಅಂಟಿನುಂಡೆ ತಿನ್ನುತ್ತ ಮಲಗಿರುತ್ತಾಳೆ, ಹೊರಗೆ ಕರೆದೊಯ್ಯುವುದುಂಟೇ? ಬಾಣಂತನವನ್ನು ನಾನು ಹಳಿಯುವವನಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು ಎಲ್ಲ ಸರಿಯೇ. ಬೆಲ್ಲ ತುಪ್ಪದ ಉಂಡೆಗಳನ್ನು ಮಾತ್ರ ಕಡಿಮೆ ಮಾಡಿ, ಎದೆಹಾಲು ಧಾರಾಳವಾಗಿ ಕೊಡಲಿ, ಅದು ತಾಯಿಗೂ ಒಳ್ಳೆಯದು. ಅಷ್ಟರಲ್ಲಿ ಮಗುವಿನ ಪಾಸ್‌ಪೋರ್ಟ್, ವೀಸಾ, ಟಿಕೆಟ್ಟುಗಳ ಓಡಾಟ ಆರಂಭ. ಇಲ್ಲಿಗೆ ಬಂದಮೇಲೆ ಮಗುವಿನ ಲಸಿಕೆಗಳು ನೆನಪಿರುತ್ತವೆ, ತಾಯಿಯ ಪರೀಕ್ಷೆ ನೆನಪಿರುವುದಿಲ್ಲ.

ಇದನ್ನು ನಾನು ಉಪದೇಶವಾಗಿ ಹೇಳುತ್ತಿಲ್ಲ. ನನ್ನ ಹೆಂಡತಿಯ ಅನುಮತಿ ಪಡೆದೇ ಇದನ್ನು ತಿಳಿಸುತ್ತೇನೆ. ಅವಳು ಎರಡನೆಯ ಸಾಲಿನಲ್ಲಿ ಕುಳಿತಿದ್ದಾಳೆ. ನಮ್ಮ ಎರಡನೆಯ ಮಗು ಹುಟ್ಟಿದ್ದು ಟೊರೊಂಟೊದಲ್ಲಿ. ಮನುಷ್ಯರಿಗೆ ಇನ್ಸುಲಿನ್ ಮೊದಲು ಕೊಟ್ಟ ಊರು ಅದು, 1922ರಲ್ಲಿ. ಅವಳಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಆಹಾರದಿಂದಲೇ ಹತೋಟಿಗೆ ಬಂತು. ಹೆಣ್ಣು ಮಗು, ಆರೋಗ್ಯವಾಗಿ ಹುಟ್ಟಿತು. ಆರು ವಾರಕ್ಕೆ ಮಾಡಿಸಬೇಕಾದ ಪರೀಕ್ಷೆಯ ಚೀಟಿಯನ್ನು ಕೈಗೆ ಕೊಟ್ಟಿದ್ದರು. ಅದೇ ಸಮಯದಲ್ಲಿ ನನಗೆ ಕುವೈತಿನ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಚೀಟಿ ಪುಸ್ತಕದ ಪೆಟ್ಟಿಗೆಯೊಂದರಲ್ಲಿ ಸೇರಿ ಹಡಗಿನಲ್ಲಿ ಬಂತು. ಆರು ವರ್ಷಗಳ ನಂತರ, ಪದೇ ಪದೇ ಬರುತ್ತಿದ್ದ ಮೂತ್ರದ ಸೋಂಕಿಗೆಂದು ಅವಳ ರಕ್ತ ತೆಗೆದಾಗ ಉಪವಾಸದ ಸಕ್ಕರೆ 9.8 ಇತ್ತು. ದಿನವೂ ಹತ್ತಾರು ಮಂದಿಗೆ ಸಕ್ಕರೆ ನೋಡುತ್ತಿದ್ದ ನಾನು ಆರು ವರ್ಷ ಮನೆಯೊಳಗೆ ಒಂದು ಹನಿ ರಕ್ತ ನೋಡಲಿಲ್ಲ. ದೀಪದ ಬುಡದಲ್ಲಿ ಕತ್ತಲೆ. ಗರ್ಭಾವಸ್ಥೆಯ ಮಧುಮೇಹವಿದ್ದವರಲ್ಲಿ ಮುಂದೆ ರೋಗ ಬರುವ ಸಂಭವವನ್ನು ಊಟ-ವ್ಯಾಯಾಮಗಳಿಂದ ಸುಮಾರು ಅರ್ಧಕ್ಕೆ ಇಳಿಸಬಹುದೆಂದು ಅಮೆರಿಕದ ಮಧುಮೇಹ ತಡೆ ಪ್ರಯೋಗದ ವಿಶ್ಲೇಷಣೆಯಿಂದ 2008ರಲ್ಲಿಯೇ ತಿಳಿದಿತ್ತು. ಅದನ್ನು ನಾನು ಓದಿದ್ದೆ ಕೂಡ. ಆ ಚೀಟಿ ಆಮೇಲೆ ಸಿಕ್ಕಿತು. ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ಇಲ್ಲಿರುವ ತಾಯಂದಿರಲ್ಲಿ ಬಸುರಿನಲ್ಲಿ ಸಕ್ಕರೆ ಇದ್ದವರು, ಮಗುವಿಗೆ ಈಗ ಎರಡು ತಿಂಗಳಾಗಿರಲಿ, ಇಪ್ಪತ್ತು ವರ್ಷವಾಗಿರಲಿ, ಈ ವಾರವೇ ಒಮ್ಮೆ ಪರೀಕ್ಷಿಸಿಕೊಳ್ಳಿ, ಸರಿಯಿದ್ದರೂ ವರ್ಷಕ್ಕೊಮ್ಮೆ. ಆಗ ಹುಟ್ಟಿದ ಮಕ್ಕಳ ತೂಕದ ಮೇಲೂ ಒಂದು ಕಣ್ಣಿರಲಿ; ಹೆಣ್ಣುಮಗಳಾಗಿದ್ದರೆ ಅವಳ ಮೊದಲ ಬಸುರಿನಲ್ಲಿ ವೈದ್ಯರಿಗೆ ಈ ಸಂಗತಿ ಹೇಳುವುದನ್ನು ಮರೆಯಬೇಡಿ. ನನ್ನ ಮಗಳಿಗೆ ನಾನು ಈಗಾಗಲೇ ಹೇಳಿಟ್ಟಿದ್ದೇನೆ. ‘ಅಪ್ಪ, ಮೊದಲು ಮದುವೆಯಾಗಲಿ’ ಎಂದಳು.

ಪ್ರಶ್ನೆಗಳಿಗೆ ಅರ್ಧ ಗಂಟೆ ಇಟ್ಟಿದ್ದಾರೆ. ಎರಡೂ ಅಳತೆಗಳ ಕೋಷ್ಟಕವನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದೆ. ಊರಿಗೆ ಹೊರಟಿರುವವರು ಎರಡು ಪ್ರತಿ ತೆಗೆದುಕೊಳ್ಳಿ, ಒಂದು ನಿಮಗೆ, ಒಂದು ಅಲ್ಲಿಯ ಹಿರಿಯರಿಗೆ.